ಅಕ್ಕನ ಈರುಳ್ಳಿ ಹಬ್ಬ

ಯಿಶುನ್ ಬಡಾವಣೆಯ ನಮ್ಮ ಬ್ಲಾಕಿನಲ್ಲಿ ಯಾರೋ ಈರುಳ್ಳಿ ಹುರಿಯುತ್ತಿದ್ದರು. ಆ ಘಮ ಒಂಬತ್ತನೇ ಮಹಡಿ ಹತ್ತಿ ಬಂದ ಹೊತ್ತಿಗೇ ಮೊಬೈಲಿಗೆ ಅಕ್ಕನ ವಿಡಿಯೊ ಬರಬೇಕೆ? ನೋಡಿ, ನನ್ನ ಹೊಟ್ಟೆಯುರಿಗೆ ಒಗ್ಗರಣೆಯೂ ಬಿತ್ತು.

ಅಕ್ಕ ಈಗ ಮಗಳ ಜೊತೆ ಸ್ಪೇನಿನ ಕ್ಯಾಟಲೋನಿಯಾದಲ್ಲಿ, ತಾರಗೋನಾ ಎಂಬ ಊರಿನಲ್ಲಿದ್ದಾಳೆ. ಅಲ್ಲಿಯವರಿಗೆ ತಿನ್ನುವುದಕ್ಕೂ ಪಂಚಾಂಗವಿದೆ. ಚಳಿ ಶುರುವಾದರೆ ಸುಟ್ಟ ಚೆಸ್ಟ್‌ನಟ್ ಬೀಜ, ಬಾದಾಮಿ ಉಂಡೆ. ಚಳಿ ಬಲಿತರೆ ಎಳೆ ಈರುಳ್ಳಿಯ ಹಬ್ಬ: ದ್ರಾಕ್ಷಿ ಕಡ್ಡಿಯ ಉರಿಯಲ್ಲಿ ಕಪ್ಪಗೆ ಸುಟ್ಟು, ಸಿಪ್ಪೆ ಎಳೆದು, ಬಾದಾಮಿ ಚಟ್ನಿಯಲ್ಲಿ ಅದ್ದಿ, ತಲೆ ಹಿಂದಕ್ಕೆ ಚೆಲ್ಲಿ ಬಾಯಿಗೆ ಇಳಿಬಿಡುವುದು. ಇಲ್ಲಿ, ಭೂಮಧ್ಯರೇಖೆಯ ಪಕ್ಕದಲ್ಲಿ, ನನಗೆ ಹನ್ನೆರಡು ತಿಂಗಳೂ ಒಂದೇ ಸೆಕೆ; ಅವರೆಕಾಯಿ ಕಾಲ ಬರುವುದು ಫ್ರೀಜರಿನಿಂದ.

ಹೋಗಲಿ, ಹಬ್ಬ ಮಾಡಿಕೊಳ್ಳಲಿ. ಆದರೆ ಅಕ್ಕ, ಈರುಳ್ಳಿ?

ಮೈಸೂರಿನ ನಮ್ಮ ಮನೆಗೆ ಚಾತುರ್ಮಾಸದ ನಾಲ್ಕು ತಿಂಗಳು ಈರುಳ್ಳಿ ಬರುತ್ತಿರಲಿಲ್ಲ. ನಾನು ಲೆಕ್ಕ ಕಲಿಯುವ ನೆಪದಲ್ಲಿ ಗೆಳತಿಯ ಮನೆಗೆ ಹೋಗಿ ಈರುಳ್ಳಿ ಬಜ್ಜಿ ತಿಂದು, ಸೀಬೆ ಎಲೆ ಅಗಿಯುತ್ತ ವಾಪಸಾಗುತ್ತಿದ್ದೆ. ಅಕ್ಕ ಬಾಗಿಲಲ್ಲೇ ನಿಲ್ಲಿಸಿ, "ಎಲ್ಲಿ, ಆ ಅನ್ನು" ಎನ್ನುತ್ತಿದ್ದಳು. ಮೂಸಿ, ನೇರ ಅಮ್ಮನ ಬಳಿಗೆ. ನನಗೆ ಹಿತ್ತಲಿನಲ್ಲಿ ತಣ್ಣೀರು ಸ್ನಾನ. ಅಂಥವಳು ಈಗ ವಿಡಿಯೊದಲ್ಲಿ ಮಗುವಿನ ಹಾಗೆ ಕೊರಳಿಗೆ ಬಟ್ಟೆ ಕಟ್ಟಿಕೊಂಡು, ಬೆರಳೆಲ್ಲ ಮಸಿ ಮಾಡಿಕೊಂಡು ನಗುತ್ತಿದ್ದಾಳೆ. ಒದ್ದಾಡಿ ತಿಂದವಳು ನಾನು, ಹಬ್ಬ ಅವಳಿಗೆ.

ಫೋನಿನಲ್ಲಿ ಕನ್ನಡ ಒತ್ತಲು ಈಗಷ್ಟೇ ಕಲಿತಿದ್ದೇನೆ. ಐದು ನಿಮಿಷ ಹಿಡಿದು "ಚೆನ್ನಾಗಿದೆ" ಎಂದು ಬರೆದು, ಅಳಿಸಿದೆ.

"ಅಜ್ಜಿ, ನೀನು ಜೆಲಸ್ ಲಾ" ಅಂದಳು ಮೊಮ್ಮಗಳು, ಈ ಊರಿನವರ ರಾಗದಲ್ಲಿ.

ಇಲ್ಲ ಅಂದೆ. ಆಮೇಲೆ ಅವಳ ಕೈಲೇ ಒಂದು ಕಟ್ಟು ಎಳೆ ಈರುಳ್ಳಿ ತರಿಸಿ, ಹಪ್ಪಳ ಸುಡುವ ಜಾಲರಿಯ ಮೇಲೆ ಸುಟ್ಟೆ. ಅಡುಗೆಮನೆ ತುಂಬ ಹೊಗೆ. ಬಾದಾಮಿಯ ಬದಲು ಕಡಲೆಕಾಯಿ ಚಟ್ನಿ. ಅಕ್ಕನ ಹೊಟ್ಟೆ ಉರಿಸಲೆಂದೇ ವಿಡಿಯೊ ಕಾಲ್ ಮಾಡಿದೆ.

ಅವಳು ಮೊದಲು ನಕ್ಕಳು. ಸಿಪ್ಪೆಯನ್ನು ಬುಡದಿಂದ ಎಳೆಯಬೇಕೆಂದು ಹೇಳಿಕೊಟ್ಟಳು. ಆಮೇಲೆ ಫೋನನ್ನು ಮುಖದ ಹತ್ತಿರ ತಂದುಕೊಂಡಳು.

"ಅಮ್ಮಂಗೆ ಚಾಡಿ ಹೇಳ್ತಿದ್ನಲ್ಲ, ಅದು ಮಡಿಗಲ್ಲ ಕಣೇ. ಒಂದ್ಸಲಾನೂ ನನ್ನ ಕರ್ಕೊಂಡು ಹೋಗ್ಲಿಲ್ಲ ನೀನು."

ನಾನು ಹೊರಟಾಗಲೆಲ್ಲ ಅಕ್ಕ ಗೇಟಿನ ತನಕ ಬಂದು ನಿಲ್ಲುತ್ತಿದ್ದಳು. ಕಾವಲಿಗೆ ಎಂದುಕೊಂಡಿದ್ದೆ.

ಸುಟ್ಟ ಈರುಳ್ಳಿಯೊಂದನ್ನು ಬುಡದಿಂದ ಸುಲಿದು, ಚಟ್ನಿಯಲ್ಲಿ ಅದ್ದಿ, ಫೋನಿನ ಹತ್ತಿರ ಹಿಡಿದೆ.

"ಎಲ್ಲಿ, ಆ ಅನ್ನು."

ಅಲ್ಲಿ ಅಕ್ಕ ಬಾಯಿ ತೆರೆದಳು.