ಜೇಡ್ ಬಳೆ, ಜೇಡರ ಬಲೆ

ಕಲ್ಲಿನ ವಿಷಯದಲ್ಲಿ ನನ್ನ ಮಾತೇ ಕೊನೆಯ ಮಾತು. ಜಂಬ ಎನ್ನಿ, ಅಲ್ಲವೆನ್ನುವುದಿಲ್ಲ. ಬೇಗಂ ಬಜಾರಿನ ಹತ್ತಿರದ ಒಡವೆ ಅಂಗಡಿಯೊಂದರಲ್ಲಿ ಗಿರಾಕಿಗಳು ತಂದ ಮುತ್ತು, ಹರಳು ನೋಡಿ ಖರೆಯೋ ಖೋಟಾವೋ ಹೇಳುವುದು ನನ್ನ ಕೆಲಸವಾಗಿತ್ತು. ಹೈದರಾಬಾದಿನ ತುಂಬ ಸಾಫ್ಟ್‌ವೇರ್ ಹುಡುಗರು ತುಂಬಿಕೊಂಡ ವರ್ಷಗಳು ಅವು. ಕಂಪನಿ ಕಳಿಸಿದ ದೇಶದಿಂದ ಹಸಿರು ಜೇಡ್ ಕಲ್ಲಿನ ಬಳೆ ಕೊಂಡು ತರುತ್ತಿದ್ದರು, ಆಮೇಲೆ ಅನುಮಾನ ಬಂದು ನನ್ನೆದುರು ನಿಲ್ಲುತ್ತಿದ್ದರು.

ಜೇಡ್ ನೋಡಲು ಕಣ್ಣಿಗಿಂತ ಮೊದಲು ಕಿವಿ ಬೇಕು. ಬಳೆಯನ್ನು ದಾರಕ್ಕೆ ತೂಗುಬಿಟ್ಟು ನಾಣ್ಯದಿಂದ ಮೆಲ್ಲಗೆ ಬಡಿಯಬೇಕು. ಒಳ್ಳೆಯದಾದರೆ ಟಿಣ್ ಎಂದದ್ದು ಸ್ವಲ್ಪ ಹೊತ್ತು ಕಿವಿಯಲ್ಲಿ ಉಳಿಯುತ್ತದೆ. ಆಸಿಡ್ಡಿನಲ್ಲಿ ತೊಳೆದು ಅಂಟು ತುಂಬಿದ್ದರೆ ಒಡಕು ಗಡಿಗೆಯ ಹಾಗೆ ಠಪ್ ಎನ್ನುತ್ತದೆ. ನಮ್ಮವ್ವ ಬೀದರಿನ ಸಂತೆಯಲ್ಲಿ ಗಡಿಗೆ ಕೊಳ್ಳುತ್ತಿದ್ದುದೂ ಹೀಗೆ ಬಾರಿಸಿಯೇ. ಆಮೇಲೆ ಭೂತಗನ್ನಡಿ. ಹುಟ್ಟು ಹಸಿರು ಒಂದು ಕಡೆ ದಟ್ಟ, ಒಂದು ಕಡೆ ತೆಳು. ಹಾಕಿದ ಬಣ್ಣವಾದರೆ ಕಾಣದ ಬಿರುಕುಗಳಲ್ಲಿ ಕೂತು ಜೇಡರ ಬಲೆಯಂತೆ ಕಾಣುತ್ತದೆ.

ದಿಲ್‌ಸುಖ್‌ನಗರದ ನನ್ನ ಮನೆಯಲ್ಲೇ ಇದ್ದ ನನ್ನ ತಮ್ಮನೂ ಸಾಫ್ಟ್‌ವೇರಿನವನೇ. ಎರಡು ತಿಂಗಳು ಹಾಂಗ್‌ಕಾಂಗಿಗೆ ಹೋಗಿ ಬಂದವನು, ಚೀಲ ಕೆಳಗಿಡುವ ಮೊದಲೇ ನನ್ನ ಕೈಗೆ ಸಾಬೂನು ಹಚ್ಚಿ ಗಿಳಿಹಸಿರು ಬಳೆಯೊಂದನ್ನು ತೂರಿಸಿದ.

"ಭಾಳ ಹುಡುಕಿ ತಂದೀನಕ್ಕಾ. ಹೆಂಗೈತಿ?"

ಬಳೆ ನನ್ನ ಗಾಜಿನ ಬಳೆಗೆ ತಾಗಿ ಠಪ್ ಎಂದಿತು. ಅವನ ಮುಖ ನೋಡಿದೆ.

"ಚಲೋ ಐತೋ" ಎಂದೆ. ಕಲ್ಲಿನ ಬಗ್ಗೆ ನಾನು ಹೇಳಿದ ಮೊದಲ ಸುಳ್ಳು ಅದು.

ವಾರದ ನಂತರ ಅಂಗಡಿಗೆ ಬಂದ ಹೆಂಗಸೊಬ್ಬರು ನನ್ನ ಕೈ ಹಿಡಿದು ನೋಡಿದರು. "ಇಂಥಾದ್ದೇ ಒಂದು ಮಗಳ ಮದಿವಿಗೆ ತಗೊಳ್ಳಾಕತ್ತೀವ್ರಿ. ನೀವೇ ಹಾಕ್ಕೊಂಡೀರಿ ಅಂದಮ್ಯಾಲ ಇನ್ನೇನು ನೋಡೂದೈತಿ?"

"ಬ್ಯಾಡ್ರಿ! ಇದು ಖೋಟಾ. ಬಣ್ಣ ಹಾಕ್ಯಾರ" ಎಂದು ಭೂತಗನ್ನಡಿ ಇಟ್ಟು ಬಲೆಯನ್ನೂ ತೋರಿಸಿದೆ. ತಲೆ ಎತ್ತಿದರೆ, ನಾನು ಮರೆತು ಬಂದ ಊಟದ ಡಬ್ಬಿ ಹಿಡಿದು ತಮ್ಮ ಬಾಗಿಲಲ್ಲಿದ್ದ. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಅನ್ನುತ್ತಾರೆ. ಮುತ್ತಿನ ನಡುವೆಯೇ ಕೂತಿದ್ದವಳಿಗೆ ಅದು ಅವತ್ತು ಅರ್ಥವಾಯಿತು.

ಅವನು ಡಬ್ಬಿ ಇಟ್ಟು ತಾನೂ ಬಗ್ಗಿ ನೋಡಿದ. "ಜೇಡ್ ಬಳೆ ಅಂತ ಜೇಡರ ಬಲೆ ತಂದೀನಿ, ಹೌದಿಲ್ಲ?" ಎಂದು ನಕ್ಕ. ಹೆಂಗಸು ಹೋದ ಮೇಲೆ ನಗು ಉಳಿಯಲಿಲ್ಲ.

"ಖೋಟಾ ತಂದಿದ್ದಕ್ಕ ಬ್ಯಾಸರಿಲ್ಲಕ್ಕಾ. ಗಿರಾಕಿಗೆ ಖರೇ ಹೇಳ್ತಿ, ನನಗ ಯಾಕ ಹೇಳಲಿಲ್ಲ?"

ನಾನು ಒರೆಸಿದ ಭೂತಗನ್ನಡಿಯನ್ನೇ ಮತ್ತೆ ಒರೆಸುತ್ತ ಕೂತೆ. ಮುಂದಿನ ಕೆಲವು ವಾರ ಅವನು ಎಷ್ಟು ಬೇಕೋ ಅಷ್ಟೇ ಮಾತಾಡಿದ.

ಮತ್ತೆ ಹಾಂಗ್‌ಕಾಂಗಿಗೆ ಹೋದವನು ಇನ್ನೊಂದು ಬಳೆ ತಂದ. ಅಲ್ಲಿನ ಅಂಗಡಿಯವನಿಗೆ ಸಾಕುಸಾಕಾಗುವಷ್ಟು ಬಳೆಗಳನ್ನು ದಾರಕ್ಕೆ ಕಟ್ಟಿ ಬಾರಿಸಿದ್ದನಂತೆ. ಮಜ್ಜಿಗೆ ಬಣ್ಣ, ಒಂದು ಮೂಲೆಯಲ್ಲಿ ಕೊತ್ತಂಬರಿ ಎಲೆಯಷ್ಟು ಹಸಿರು.

"ಈ ಸಲ ಖರೇನ ಹೇಳು" ಎಂದು ಎದುರಿಗೇ ಕೂತ.

ತೂಗುಬಿಟ್ಟು ಬಡಿದೆ. ಟಿಣ್ ಎಂದಿತು. ಭೂತಗನ್ನಡಿಯಲ್ಲೂ ನೋಡಿದೆ.

"ಕಲ್ಲು ಖರೇ ಐತಿ. ನೋಡಾಕ ಅಷ್ಟೇನು ಚಂದಿಲ್ಲ. ಮತ್ತ... ನನ್ನ ಕೈಗೆ ಸಣ್ಣದಾತೋ."

ಸಾಬೂನು ಆಯಿತು, ಎಣ್ಣೆ ಆಯಿತು, ಬೆರಳ ಗಂಟು ದಾಟಲಿಲ್ಲ. ಬಳೆಗಾರ ಮೊದಲು ನೋಡುವುದೇ ಕೈಯನ್ನು. ಇವನು ಅದೊಂದನ್ನು ಬಿಟ್ಟು ಎಲ್ಲ ನೋಡಿದ್ದ. ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು.

ನಾನು ಕೆಲಸ ಬಿಡುವವರೆಗೂ ಆ ಬಳೆ ಅಂಗಡಿಯಲ್ಲಿ ದಾರಕ್ಕೆ ತೂಗುತ್ತಿತ್ತು. ಗಿರಾಕಿಗಳಿಗೆ ಖರೆ ಜೇಡಿನ ನಾದ ಅದರಲ್ಲೇ ಕೇಳಿಸುತ್ತಿದ್ದೆ. ಗಿಳಿಹಸಿರಿನದು ಈಗಲೂ ನನ್ನ ಕೈಯಲ್ಲಿದೆ. ಯಾರ ಕಣ್ಣಾದರೂ ಅದರ ಮೇಲೆ ಬಿದ್ದರೆ, ಅವರು ಕೇಳುವ ಮೊದಲೇ ಹೇಳುತ್ತೇನೆ: "ಖೋಟಾ ಐತ್ರಿ. ನನ್ನ ತಮ್ಮ ತಂದಾನ."