ಮಂಚ ಸರಿಸಿದ ಎಕೋ ಅಕ್ಕ

ಆಸ್ಪತ್ರೆಯ ಎರಡನೇ ಮಹಡಿಯ ಕೊನೆಯ ಕೋಣೆಯಲ್ಲಿ ಹತ್ತೊಂಬತ್ತು ವರ್ಷಗಳಿಂದ ಹೃದಯದ ಎಕೋ ಸ್ಕ್ಯಾನ್ ಮಾಡುತ್ತಿದ್ದ ಆಕೆಯನ್ನು ಎಲ್ಲರೂ ಎಕೋ ಅಕ್ಕ ಎಂದೇ ಕರೆಯುತ್ತಿದ್ದರು. ಬಾಯಿ ಚುರುಕು, ಕೈ ಬಲು ಸಮಾಧಾನದ್ದು. ಎದೆಗೆ ಹಚ್ಚುವ ಜೆಲ್ ತಣ್ಣಗೆ ಕೊರೆಯಬಾರದೆಂದು ಬಾಟಲಿಯನ್ನು ಬಿಸಿನೀರಿನಲ್ಲಿಟ್ಟ ಮೇಲೆಯೇ ಮೊದಲ ಪೇಷಂಟನ್ನು ಒಳಗೆ ಕರೆಯುತ್ತಿದ್ದಳು.

ಒಮ್ಮೆ ಅಲ್ಲಿನ ಹೃದಯದ ಡಾಕ್ಟರಿಗೆ ಒಂದು ಪ್ರಶ್ನೆ ತಲೆ ಹೊಕ್ಕಿತು. ರಕ್ತನಾಳ ಕಿರಿದಾಗಿದ್ದರೆ, ಹೃದಯ ಜೋರಾಗಿ ದುಡಿಯುವಾಗ ರಕ್ತ ಸಾಲದ ಭಾಗ ಸರಿಯಾಗಿ ಮಿಡಿಯುವುದಿಲ್ಲ. ಸ್ಕ್ಯಾನಿನಲ್ಲಿ ಅದು ಕಾಣುತ್ತದೆ. ಹಾಗೆ ದುಡಿಸಲು ಟ್ರೆಡ್‌ಮಿಲ್ ಮೇಲೆ ನಡೆಸುವುದು ಮೇಲೋ, ಮಲಗಿಸಿ ನರಕ್ಕೆ ಔಷಧಿ ಹನಿಸುವುದು ಮೇಲೋ? ಒಪ್ಪಿದ ನಲವತ್ತು ಮಂದಿಗೆ ಎರಡನ್ನೂ ಮಾಡಿ, ರಕ್ತನಾಳವನ್ನೇ ತೋರಿಸುವ ಆಂಜಿಯೋಗ್ರಾಂನೊಂದಿಗೆ ತಾಳೆ ನೋಡುವುದೆಂದಾಯಿತು. ಸ್ಕ್ಯಾನೆಲ್ಲ ಎಕೋ ಅಕ್ಕನ ಪಾಲಿಗೆ.

ಹದಿನೈದು ಜನ ಮುಗಿಯುವಷ್ಟರಲ್ಲಿ, ಔಷಧಿ ಹನಿಸಿದಾಗ ತೊಂದರೆ ಕಂಡುಬಂದಿದ್ದ ಮೂವರು ಟ್ರೆಡ್‌ಮಿಲ್‌ನಲ್ಲಿ ಪತ್ತೆಯಾಗದೆ ತಪ್ಪಿಸಿಕೊಂಡಿದ್ದರು.

“ಔಷಧಿನೇ ಗೆದ್ದ ಹಾಗಾಯ್ತು ಬಿಡಿ,” ಎಂದರು ಡಾಕ್ಟರು.

ಹದಿನಾರನೆಯವರು ಒಬ್ಬ ಟೈಲರ್ ಮಾಸ್ತರರು. ಟ್ರೆಡ್‌ಮಿಲ್‌ನಿಂದ ಇಳಿದವರೇ ಬಗ್ಗಿ ಚಪ್ಪಲಿ ಹುಡುಕತೊಡಗಿದರು.

“ಅಯ್ಯೋ ಮಾಸ್ಟ್ರೇ, ಚಪ್ಪಲಿ ಎಲ್ಲೂ ಓಡಿಹೋಗಲ್ಲ, ಬೇಗ ಬನ್ನಿ!” ಎಂದಳು ಎಕೋ ಅಕ್ಕ.

“ನನ್ನ ಓಡಿಸಿದ್ದು ಸಾಲ್ದೇನಮ್ಮಾ?”

ಸ್ಕ್ಯಾನ್ ಮಾಡುವ ಮಂಚವಿದ್ದದ್ದು ಎದುರು ಗೋಡೆಗೆ, ಪರದೆಯಾಚೆ. ಅವರು ಏದುಸಿರು ಬಿಡುತ್ತ ಹೋಗಿ ಮಲಗುವ ಹೊತ್ತಿಗೆ ನೂರ ನಲವತ್ತಿದ್ದ ನಾಡಿ ನೂರಕ್ಕಿಳಿದಿತ್ತು. ಸ್ಕ್ಯಾನಿನಲ್ಲಿ ಎಲ್ಲವೂ ಸರಿ! ಎರಡು ದಿನ ಬಿಟ್ಟು ಔಷಧಿ ಹನಿಸಿದಾಗ ಹೃದಯದ ಮುಂಭಾಗ ಸೋತದ್ದು ಎದ್ದು ಕಂಡಿತು.

ಎಕೋ ಅಕ್ಕ ಅಳುಕುತ್ತಲೇ ಡಾಕ್ಟರ ಕೋಣೆಗೆ ಹೋದಳು. “ಸರ್, ತಪ್ಪು ಟ್ರೆಡ್‌ಮಿಲ್ಲಿನದಲ್ಲ, ಮಂಚದ್ದು.”

“ಮಂಚ ಏನ್ರೀ ಮಾಡ್ತು?”

“ದೂರ ಇದೆ. ಅವ್ರು ಮಲಗೋದ್ರೊಳಗೆ ಹೃದಯ ಸುಧಾರಿಸ್ಕೊಂಡಿರುತ್ತೆ. ಎಲ್ರೂ ಮನೆಗೆ ಹೋದ್ಮೇಲೆ ಗ್ರೂಪ್ ಫೋಟೋ ತೆಗೆದ ಹಾಗಾಗ್ತಿದೆ.”

ಡಾಕ್ಟರ ಮುಖ ಸಪ್ಪಗಾಯಿತು. ಎರಡು ತಿಂಗಳ ಕೆಲಸ ನೀರುಪಾಲು. ಆದರೂ ಎದ್ದು ಸ್ಕ್ಯಾನ್ ಕೋಣೆಗೆ ನಡೆದು ಅಂಗಿಯ ತೋಳು ಮಡಚಿದರು. “ಬನ್ನಿ, ಆ ಕಡೆ ಹಿಡೀರಿ.” ಇಬ್ಬರೂ ಸೇರಿ ಮಂಚವನ್ನು ಟ್ರೆಡ್‌ಮಿಲ್ ಪಕ್ಕಕ್ಕೆಳೆದರು.

ಟ್ರೆಡ್‌ಮಿಲ್‌ನಿಂದ ಇಳಿದ ಕೂಡಲೇ ಎಡಮಗ್ಗುಲಾಗಿ ಮಲಗುವುದನ್ನು ಮೊದಲು ಅಭ್ಯಾಸ ಮಾಡಿದವರು ಡಾಕ್ಟರೇ. ಬಲಮಗ್ಗುಲಿಗೆ ಬಿದ್ದರು.

“ಸರ್, ನಿಮ್ಮ ಹೃದಯ ಈ ಕಡೆ ಇರೋದು!”

ಹೊಸದಾಗಿ ನಲವತ್ತು ಮಂದಿಯನ್ನು ಆರಿಸಿಕೊಂಡರು. ಈಗ ಇಳಿದ ಒಂದು ನಿಮಿಷದೊಳಗೆ ಚಿತ್ರ ಸಿಗುತ್ತಿತ್ತು. ಕೊನೆಗೆ ಲೆಕ್ಕ ಹಾಕಿದರೆ ಎರಡೂ ವಿಧಾನಗಳು ಹೆಚ್ಚುಕಡಿಮೆ ಸರಿಸಮ. ನಡೆಯಬಲ್ಲವರಿಗೆ ಟ್ರೆಡ್‌ಮಿಲ್, ಮಂಡಿನೋವಿನವರಿಗೆ ಔಷಧಿ ಎಂದು ಆ ಆಸ್ಪತ್ರೆಯಲ್ಲಿ ತೀರ್ಮಾನವಾಯಿತು. ಕಿರಿದಾದ ರಕ್ತನಾಳಕ್ಕೆ ಸ್ಟೆಂಟ್ ಹಾಕಿಸಿಕೊಂಡ ಟೈಲರ್ ಮಾಸ್ತರರು ತಿಂಗಳೊಪ್ಪತ್ತಿನಲ್ಲಿ ಮತ್ತೆ ಅಂಗಡಿ ತೆರೆದರು.

ವೈದ್ಯರ ಸಭೆಯಲ್ಲಿ ಡಾಕ್ಟರು ವರದಿ ಓದಿದಾಗ ಯಾರೋ ಕೇಳಿದರು: “ಇಷ್ಟು ಬೇಗ ಚಿತ್ರ ಹೇಗೆ ತೆಗೆದ್ರಿ?”

“ಅದನ್ನ ಅವರೇ ಹೇಳ್ಲಿ,” ಎಂದು ಡಾಕ್ಟರು ಹಿಂದಿನ ಸಾಲಿನತ್ತ ಕೈ ತೋರಿಸಿದರು. ಎಕೋ ಅಕ್ಕ ಎದ್ದು ನಿಂತಳು. ಮೊದಲೆರಡು ವಾಕ್ಯ ತಡವರಿಸಿದಳು. ಆಮೇಲೆ, ಅವಳನ್ನು ಕೂರಿಸುವುದೇ ಕಷ್ಟವಾಯಿತು.