ಕಾಡಿಗೆಂದು ಕಟ್ಟಿದ ಬುತ್ತಿ

ನಾಳೆ ಮಗಳ ಶಾಲೆಯವರು ಮಕ್ಕಳನ್ನು ಬಸ್ಸಿನಲ್ಲಿ ರಾಷ್ಟ್ರೀಯ ಉದ್ಯಾನಕ್ಕೆ ಕರೆದೊಯ್ಯುತ್ತಾರೆ. ಬುತ್ತಿಯ ಚಟ್ನಿಗೆಂದು ಶೇಂಗಾ ಹುರಿಯುತ್ತಿದ್ದೆ. ಆ ವಾಸನೆ ನನ್ನನ್ನು, ಚಿಕ್ಕಂದಿನಲ್ಲಿ ನಾವು ದುಡಿಯಲು ಊರು ಬಿಟ್ಟು ಹೋಗಿದ್ದ ಹಿಂಜವಾಡಿಯ ತಗಡಿನ ಶೆಡ್ಡಿಗೆ ಎಳೆದೊಯ್ಯಿತು.

ಅಪ್ಪ ಅಲ್ಲಿ ಕಟ್ಟಡ ಕಟ್ಟುವ ಗೌಂಡಿ. ರಜೆಯ ದಿನ ನಮಗೆ ಹುಲಿ ತೋರಿಸಬೇಕೆಂದು ಕಾತ್ರಜದ ಬಸ್ ನಿಲ್ದಾಣಕ್ಕೆ ಹೋಗಿ ಕಾಡಿನ ಕಡೆಯ ಬಸ್ಸು ವಿಚಾರಿಸಿಕೊಂಡು ಬಂದಿದ್ದ. ಸಿಮೆಂಟು ತಿಂದ ಬೆರಳಿನಿಂದ ನೆಲದ ಮೇಲೆ ದಾರಿ ಗೀಚಿ ತೋರಿಸಿದ್ದ. ಹೊರಡುವ ಹಿಂದಿನ ದಿನವೇ ಅವ್ವ ಕಡಕ್ ರೊಟ್ಟಿ, ಶೇಂಗಾ ಚಟ್ನಿಯನ್ನು ಅವನ ಹಳೆಯ ಧೋತರದಲ್ಲಿ ಗಂಟು ಕಟ್ಟಿದಳು.

"ಹುಲಿ ಖರೇನ ಕಾಣ್ತದೇನಪ್ಪಾ?" ಎಂದೆ.

"ಹುಲಿ ಕಾಣದಿದ್ರ ಅದರ ಹೆಜ್ಜಿಯಾದ್ರೂ ಕಾಣ್ತಾವ ಬಿಡವ್ವ. ಇವತ್ತ ಸ್ಲ್ಯಾಬ್ ಹಾಕಿ ಬಂದಬಿಡ್ತೀನಿ," ಎಂದು ಹೋದ.

ಮಧ್ಯಾಹ್ನ ಸ್ಲ್ಯಾಬಿಗೆ ಆಧಾರ ಕೊಟ್ಟಿದ್ದ ಸೆಂಟ್ರಿಂಗ್ ಕುಸಿಯಿತು. ಹಸಿ ಕಾಂಕ್ರೀಟಿನಡಿ ಸಿಕ್ಕ ಅಪ್ಪ ಬದುಕಲಿಲ್ಲ.

ಸಾವಾದ ಮನೆಯಲ್ಲಿ ಒಲೆ ಹಚ್ಚುವಂತಿಲ್ಲ. ಮಣ್ಣು ಮಾಡಿ ಬಂದ ಮೇಲೆ ಪಕ್ಕದ ಶೆಡ್ಡಿನ ಮಲ್ಲವ್ವತ್ತಿ ಆ ಗಂಟನ್ನೇ ಬಿಚ್ಚಿದಳು. "ತಿನ್ನವ್ವ, ಹಸಿದಿರಬ್ಯಾಡ," ಎಂದು ರೊಟ್ಟಿ ಮುರಿದು ಕೊಟ್ಟಳು. ಅವ್ವ ಮುಟ್ಟಲಿಲ್ಲ. ನನಗೆ ಭಾಳ ಹಸಿವಾಗಿತ್ತು. ಅಪ್ಪನ ಪಾಲನ್ನೂ ನಾನೇ ತಿಂದೆ.

ಈಗ ಮಗಳು ನಾನು ಕಟ್ಟಿಟ್ಟ ಬುತ್ತಿಯನ್ನು ಎತ್ತಿ ನೋಡಿ ನಗುತ್ತಿದ್ದಾಳೆ.

"ಮಮ್ಮಿ, ಇಷ್ಟ್ಯಾಕ ರೊಟ್ಟಿ? ನಾ ಒಬ್ಬಾಕೀನ ಹೋಗಾಕಿ."